ಹಾಡಿನೊಳಗೇ ಇದ್ದ ಪಾಠ

ಕಾರ್ಸ್ಟನ್ ಒಬಾರ್ಸ್ಕಿ ಎಂಬ ಜರ್ಮನ್ ಯುವಕನಿಗೆ 1987ರಲ್ಲಿ ಬೇಕಾಗಿದ್ದದ್ದು ಇಷ್ಟೇ: ‘ಅಮೆಗಾಸ್’ ಎಂಬ ಕಂಪ್ಯೂಟರ್ ಆಟಕ್ಕೆ ಸಂಗೀತ ಕೂಡಿಸಲು ಒಂದು ಸಲಕರಣೆ. ಕಾಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರಿನಲ್ಲಿ ‘ಪೌಲಾ’ ಎಂಬ ಚಿಪ್ ಇತ್ತು. ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ಅದು ಏಕಕಾಲಕ್ಕೆ ನಾಲ್ಕರಂತೆ ನುಡಿಸುತ್ತಿತ್ತು. ತುಣುಕನ್ನು ವೇಗವಾಗಿ ಓಡಿಸಿದರೆ ಸ್ವರ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಈ ಚಿಪ್ಪನ್ನು ನಂಬಿ ಒಬಾರ್ಸ್ಕಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಬರೆದ. ಸ್ಟುಡಿಯೊ ಇಲ್ಲದೆ, ಮೇಷ್ಟ್ರಿಲ್ಲದೆ, ಮಲಗುವ ಕೋಣೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಕಲಿಯುವ ಪದ್ಧತಿಯ ಒಂದು ದೊಡ್ಡ ಬೇರು ಅಲ್ಲಿದೆ.

ಆ ಪ್ರೋಗ್ರಾಮಿನ ಪರದೆಯಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಗೆರೆಗಳಿಲ್ಲ, ಪಿಯಾನೊ ಚಿತ್ರವೂ ಇಲ್ಲ. ಒಂದೊಂದು ದನಿಗೆ ಒಂದರಂತೆ ನಾಲ್ಕು ಕಂಬಸಾಲು, ಅಂದರೆ ಚಾನೆಲ್‌ಗಳು, ಒಂದೊಂದರಲ್ಲೂ 64 ಅಡ್ಡಸಾಲು. ಅಕ್ಷರ ಮತ್ತು ಅಂಕಿಗಳು ಮೇಲಿನಿಂದ ಕೆಳಕ್ಕೆ ಓಡುತ್ತವೆ. ನಮ್ಮ ಸಂಗೀತ ಪಾಠದ ಪುಸ್ತಕದ ಸ್ವರಲಿಪಿಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಯಾವ ಸ್ವರ, ಯಾವ ಸ್ಯಾಂಪಲ್, ಅದಕ್ಕೆ ಏನು ಮಾಡಬೇಕು ಎಂಬ ಸೂಚನೆ, ಎಲ್ಲವೂ ಒಂದೇ ಸಾಲಿನಲ್ಲಿ. ಈ ಬಗೆಯ ಪ್ರೋಗ್ರಾಮುಗಳಿಗೆ ಟ್ರ್ಯಾಕರ್ ಎಂಬ ಹೆಸರು ನಿಂತಿತು.

ಮಾರುಕಟ್ಟೆಯಲ್ಲಿ ಒಬಾರ್ಸ್ಕಿಯ ಪ್ರೋಗ್ರಾಮು ಸೋತಿತು. ಆದರೆ ನೆದರ್‌ಲೆಂಡ್ಸಿನಲ್ಲಿ ‘ಎಕ್ಸ್‌ಟರ್ಮಿನೇಟರ್’ ಎಂಬ ಅಡ್ಡಹೆಸರಿನವನೊಬ್ಬ ಅದರ ಕೋಡನ್ನು ಬಿಚ್ಚಿ, ತಿದ್ದಿ, ಹೊಸ ಆವೃತ್ತಿಯಾಗಿ ಹಂಚಿದ. ಮುಂದೆ ಒಬ್ಬರಾದ ಮೇಲೊಬ್ಬರು ಅದನ್ನೇ ತಿದ್ದಿದರು: 1989ರಲ್ಲಿ ಸ್ವೀಡನ್ನಿನ ಮಹೋನಿ ಮತ್ತು ಕಾಕ್ಟಸ್ ಜೋಡಿಯ ‘ನಾಯ್ಸ್‌ಟ್ರ್ಯಾಕರ್’, 1990ರಲ್ಲಿ ‘ಪ್ರೋಟ್ರ್ಯಾಕರ್’. ಒಬಾರ್ಸ್ಕಿಯ ಹಕ್ಕಿನ ಕಡೆಯಿಂದ ನೋಡಿದರೆ ಇದು ಅನ್ಯಾಯ. ಹಾಗೆಂದೇ ನಾನು ಹೇಳುತ್ತೇನೆ. ಈ ಅನ್ಯಾಯವಿಲ್ಲದೆ ಮುಂದಿನದೊಂದೂ ನಡೆಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರೋಗ್ರಾಮಿಗಿಂತ ಮುಖ್ಯವಾದದ್ದು ಅದು ಉಳಿಸಿಡುತ್ತಿದ್ದ ಫೈಲು. ‘ಮಾಡ್ಯೂಲ್’ ಎಂದು ಕರೆಯುವ ಆ ಫೈಲಿನಲ್ಲಿ ಸ್ಯಾಂಪಲ್‌ಗಳೂ ಇದ್ದವು, ಅವನ್ನು ಯಾವಾಗ ಹೇಗೆ ನುಡಿಸಬೇಕೆಂಬ ಪೂರ್ತಿ ಬರವಣಿಗೆಯೂ ಇತ್ತು. ಕ್ಯಾಸೆಟ್ಟು ಕೇಳಿದವನಿಗೆ ಹಾಡು ಮಾತ್ರ ಸಿಗುತ್ತದೆ. ಮಾಡ್ಯೂಲ್ ತೆರೆದವನಿಗೆ ಹಾಡು ಕಟ್ಟಿದ ಬಗೆಯೂ ಸಿಗುತ್ತಿತ್ತು. ಹೆಲ್ಸಿಂಕಿಯ ಹದಿನಾಲ್ಕರ ಹುಡುಗ ಆಸ್ಲೋದ ಪ್ರಸಿದ್ಧನ ಹಾಡನ್ನು ತೆರೆದು, ಮೂರು ಚಾನೆಲ್‌ಗಳ ಬಾಯಿ ಮುಚ್ಚಿಸಿ, ನಾಲ್ಕನೆಯದರ ಬೇಸ್ ಒಂದನ್ನೇ ಹತ್ತಾರು ಸಲ ಕೇಳಬಹುದಿತ್ತು. ಒಂದು ಸಾಲು ಬದಲಿಸಿದರೆ ಏನಾಗುತ್ತದೆಂದು ಆ ಕ್ಷಣವೇ ತಿಳಿಯುತ್ತಿತ್ತು.

ಹೀಗೆ ಕಲಿತ ಉಪಾಯಗಳನ್ನು ನೋಡಿ. ಇರುವುದು ನಾಲ್ಕೇ ದನಿ. ಡ್ರಮ್, ಬೇಸ್, ಮುಖ್ಯ ರಾಗ ಆದ ಮೇಲೆ ಉಳಿಯುವುದು ಒಂದು. ಮೂರು ಸ್ವರ ಕೂಡಿದ ಕಾರ್ಡ್ ಎಲ್ಲಿ ನುಡಿಸುವುದು? ಮೂರು ಸ್ವರಗಳನ್ನು ಒಂದೇ ಚಾನೆಲ್ಲಿನಲ್ಲಿ, ಸೆಕೆಂಡಿಗೆ 50 ಸಲ ಬದಲಾಗುವ ಹಾಗೆ ಸುತ್ತಿಸಿದರೆ ಕಿವಿ ಅವನ್ನು ಕೂಡಿಸಿಕೊಂಡು ಒಂದೇ ಮಿನುಗುವ ಕಾರ್ಡಾಗಿ ಕೇಳುತ್ತದೆ. ಆರ್ಪೆಜಿಯೊ ಎಂಬ ಈ ಸೂಚನೆಯ ಸದ್ದೇ ಒಂದು ಕಾಲದ ಗುರುತಾಯಿತು. ಇನ್ನು ಕೆಲವರು ಇಡೀ ಕಾರ್ಡನ್ನೇ ಒಂದು ಸ್ಯಾಂಪಲ್ ಮಾಡಿಕೊಂಡರು. ಪ್ರತಿಧ್ವನಿ ಹುಟ್ಟಿಸುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಅದೇ ಸ್ವರವನ್ನು ಕೆಲವು ಸಾಲು ಕೆಳಗೆ, ದನಿ ತಗ್ಗಿಸಿ, ಮತ್ತೆ ಬರೆದರು. ರಾಗದ ಬಿಡುವುಗಳಲ್ಲೇ ಈ ಪ್ರತಿಧ್ವನಿಯನ್ನು ಹುದುಗಿಸಿ ಒಂದು ಚಾನೆಲ್ ಉಳಿಸಿದವರಿದ್ದರು. ಯಾರೂ ಯಾರಿಗೂ ಕೂತು ಹೇಳಿಕೊಟ್ಟದ್ದಲ್ಲ ಇವು. ಒಬ್ಬನ ಫೈಲಿನಲ್ಲಿ ಕಂಡದ್ದು ಮುಂದಿನ ತಿಂಗಳು ಇನ್ನೊಬ್ಬನ ಹಾಡಿನಲ್ಲಿ ಸುಧಾರಿಸಿಕೊಂಡು ಬರುತ್ತಿತ್ತು.

ಫೈಲುಗಳು ಚಿಕ್ಕವು, ಅಮಿಗಾದ 880 ಕಿಲೋಬೈಟಿನ ಫ್ಲಾಪಿಯೊಂದರಲ್ಲಿ ಹಲವು ಹಾಡು ಹಿಡಿಸುತ್ತಿದ್ದವು. ಮೊದಮೊದಲು ಅವು ಅಂಚೆಯಲ್ಲೇ ಓಡಾಡಿದವು. ಚಿತ್ರ, ಸಂಗೀತ ಕೂಡಿದ ‘ಡೆಮೊ’ ಎಂಬ ಕಂಪ್ಯೂಟರ್ ಪ್ರದರ್ಶನಗಳನ್ನು ಕಟ್ಟುತ್ತಿದ್ದ ಹವ್ಯಾಸಿ ಗುಂಪುಗಳಲ್ಲಿ ಇದಕ್ಕೆಂದೇ ‘ಸ್ವಾಪರ್’ಗಳಿದ್ದರು, ಅಂಚೆಚೀಟಿಯ ಮೇಲೆ ಅಂಟು ಸವರಿ, ಬಿದ್ದ ಮುದ್ರೆಯನ್ನು ತೊಳೆದು, ಮತ್ತೆ ಅದೇ ಚೀಟಿ ಬಳಸುವ ಚಾಳಿಯೂ ಅವರಲ್ಲಿತ್ತು. ಮೋಡೆಮ್ ಇದ್ದವರು ಟೆಲಿಫೋನ್ ತಂತಿಯ ಮೇಲೆ ಬುಲೆಟಿನ್ ಬೋರ್ಡುಗಳಿಗೆ ಕರೆಮಾಡಿ ಇಳಿಸಿಕೊಂಡರು. 1992ರಲ್ಲಿ ಅಮಿಗಾದವರಿಗಾಗಿ ‘ಅಮಿನೆಟ್’ ಎಂಬ ಇಂಟರ್‌ನೆಟ್ ಭಂಡಾರ ಬಂತು, 1996ರಲ್ಲಿ ‘ಮಾಡ್ ಆರ್ಕೈವ್’. ಸ್ಯಾಂಪಲ್ಲಿಗೆ ಹೆಸರಿಡಲು ಫೈಲಿನಲ್ಲಿ 22 ಅಕ್ಷರಗಳ 31 ಖಾನೆಗಳಿದ್ದವಷ್ಟೆ. ಸಂಗೀತಗಾರರು ಆ ಜಾಗದಲ್ಲಿ ಪತ್ರವನ್ನೇ ಬರೆದರು. ಗೆಳೆಯರಿಗೆ ನಮಸ್ಕಾರ, ಮನೆಯ ವಿಳಾಸ, ಈ ಡ್ರಮ್ ಯಾರಿಂದ ತಂದದ್ದು ಎಂಬ ಋಣಸ್ಮರಣೆ. ಹೇಳದೆ ಎತ್ತಿಕೊಂಡವರನ್ನು ಅಲ್ಲೇ ಬೈದದ್ದೂ ಉಂಟು. ಈ ಖಾನೆಗಳನ್ನು ಓದುವುದು ನನಗೆ ಹಾಡು ಕೇಳುವಷ್ಟೇ ಇಷ್ಟ.

ತೊಂಬತ್ತರ ದಶಕದಲ್ಲಿ ಟ್ರ್ಯಾಕರ್‌ಗಳು ಪಿಸಿಗೆ ಬಂದವು. ಫಿನ್‌ಲೆಂಡಿನ ‘ಫ್ಯೂಚರ್ ಕ್ರ್ಯೂ’ ಗುಂಪಿನ ‘ಸ್ಕ್ರೀಮ್ ಟ್ರ್ಯಾಕರ್’, ಸ್ವೀಡನ್ನಿನ ‘ಟ್ರೈಟಾನ್’ ಗುಂಪಿನ ‘ಫಾಸ್ಟ್‌ಟ್ರ್ಯಾಕರ್ 2’, ಆಸ್ಟ್ರೇಲಿಯಾದ ಜೆಫ್ರಿ ಲಿಮ್ 1995ರಲ್ಲಿ ಹೊರತಂದ ‘ಇಂಪಲ್ಸ್ ಟ್ರ್ಯಾಕರ್’. ನಾಲ್ಕು ಚಾನೆಲ್ ಇದ್ದದ್ದು 32, 64 ಆಯಿತು. ಫಿನ್‌ಲೆಂಡಿನ ‘ಅಸೆಂಬ್ಲಿ’ಯಂಥ ಮೇಳಗಳಲ್ಲಿ ಸಾವಿರಾರು ಮಂದಿ ಕಂಪ್ಯೂಟರ್ ಹೊತ್ತು ತಂದು ಒಂದೇ ಸೂರಿನಡಿ ಸೇರಿದರು. 1993ರಲ್ಲಿ ಅಲ್ಲಿ ಗೆದ್ದ ‘ಸೆಕೆಂಡ್ ರಿಯಾಲಿಟಿ’ ಎಂಬ ಡೆಮೊಗೆ ಪರ್ಪಲ್ ಮೋಷನ್ ಮತ್ತು ಸ್ಕಾವೆನ್ ಮಾಡಿದ ಸಂಗೀತವನ್ನು ಬಿಚ್ಚಿ ನೋಡಿ ಕಲಿತವರು ಒಂದು ಪೀಳಿಗೆಯೇ ಇದ್ದಾರೆ. ಎಲ್ಲರಿಗೂ ಅವೇ ಸ್ಯಾಂಪಲ್ ಕೊಟ್ಟು, ಗಂಟೆಯೊಳಗೆ ಹಾಡು ಮುಗಿಸಿ ಎನ್ನುವ ಸ್ಪರ್ಧೆಗಳು ಮೇಳಗಳಲ್ಲೂ ಇಂಟರ್‌ನೆಟ್ಟಿನ ಹರಟೆಕೋಣೆಗಳಲ್ಲೂ ನಡೆದವು. ಕಲಿಕೆಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ನನಗೆ ಗೊತ್ತಿಲ್ಲ: ಸಾಮಗ್ರಿ ಒಂದೇ ಆದ್ದರಿಂದ ನನ್ನದಕ್ಕಿಂತ ಅವನದು ಏಕೆ ಚೆನ್ನ ಎಂಬ ಪ್ರಶ್ನೆಗೆ ನುಣುಚಿಕೊಳ್ಳುವ ದಾರಿಯಿಲ್ಲ.

ಇಲ್ಲಿಂದ ಹೊರಟವರು ದೂರ ಹೋದರು. ಡೆನ್ಮಾರ್ಕಿನ ಅಮಿಗಾ ಗುಂಪುಗಳಲ್ಲಿ ಬೆಳೆದ ಯೆಸ್ಪರ್ ಕಿಡ್ ಮುಂದೆ ‘ಅಸಾಸಿನ್ಸ್ ಕ್ರೀಡ್’ ಆಟಕ್ಕೆ ಸಂಗೀತ ಕೊಟ್ಟ. ಬ್ರಿಟನ್ನಿನ ‘ಅರ್ಬನ್ ಶೇಕ್‌ಡೌನ್’ 1992ರ ‘ಸಮ್ ಜಸ್ಟಿಸ್’ ಹಾಡನ್ನು ಎರಡು ಅಮಿಗಾಗಳ ಮೇಲೆ ಮಾಡಿತು. ಸ್ಕಾಟ್ಲೆಂಡಿನ ಕ್ಯಾಲ್ವಿನ್ ಹ್ಯಾರಿಸ್ 2007ರಲ್ಲಿ ಬಂದ ಮೊದಲ ಆಲ್ಬಮ್ಮಿಗೆ ಬಳಸಿದ್ದೂ ಅಮಿಗಾವನ್ನೇ, ಫಿನ್‌ಲೆಂಡಿನಲ್ಲಿ ಹುಟ್ಟಿದ ‘ಆಕ್ಟಾಮೆಡ್’ ಟ್ರ್ಯಾಕರಿನೊಂದಿಗೆ. ಈ ಇಡೀ ಡೆಮೊ ಸಂಸ್ಕೃತಿಯನ್ನು ಫಿನ್‌ಲೆಂಡ್ 2020ರಲ್ಲಿ ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಇಂದು ಸಂಗೀತ ತಯಾರಿಕೆ ಕಲಿಯಲು ವಿಡಿಯೊ ಪಾಠಗಳಿಗೆ ಬರವಿಲ್ಲ. ಆದರೆ ಹಾಡುಗಳು ನಮ್ಮ ಕೈಗೆ ಬೀಗ ಹಾಕಿಕೊಂಡೇ ಬರುತ್ತವೆ. ಮೂಲ ಪ್ರಾಜೆಕ್ಟ್ ಫೈಲು ಮಾಡಿದವನ ಬಳಿಯೇ ಉಳಿಯುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಶಿರಸಿಯಲ್ಲೋ ಕಲಬುರಗಿಯಲ್ಲೋ ಹಳೆಯ ಲ್ಯಾಪ್‌ಟಾಪ್ ಮುಂದೆ ಕುಳಿತು ಬೀಟ್ ಕಟ್ಟಲು ಹೊರಟ ಹುಡುಗ ಹುಡುಗಿಯರಿಗೆ ‘ಓಪನ್‌ಎಂಪಿಟಿ’ ಎಂಬ ಟ್ರ್ಯಾಕರ್ ಉಚಿತವಾಗಿ ಸಿಗುತ್ತದೆ, ಮಾಡ್ ಆರ್ಕೈವ್ ಈಗಲೂ ತೆರೆದಿದೆ. ಮೊದಲು ನಾಲ್ಕೇ ಚಾನೆಲ್ಲಿನ ಹಳೆಯ ಹಾಡೊಂದನ್ನು ಇಳಿಸಿಕೊಳ್ಳಿ. ಮೂರನ್ನು ಮುಚ್ಚಿ, ಒಂದನ್ನು ಕೇಳಿ, ಆಮೇಲೆ ಅದರ ಅಂಕಿಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ.