ಬಿಳಿ ಕಫನ್ ಮೇಲೆ ಬಿಳಿ ಅಕ್ಷರ: ಸಬ್‌ಟೈಟಲ್‌ನ ಬಣ್ಣ, ಫಾಂಟ್ ಆರಿಸುವುದು ಹೇಗೆ?

ಅನಿಮೆ ನೋಡುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಕೇಳಿ ನೋಡಿ. ಡಬ್ಬಿಂಗ್ ಬೇಕಾ, ಸಬ್‌ಟೈಟಲ್ ಬೇಕಾ ಎಂಬ ಜಗಳ ಮುಗಿದ ಕೂಡಲೇ ಎರಡನೇ ಜಗಳ ಶುರುವಾಗುತ್ತದೆ. ಅಕ್ಷರ ಹಳದಿ ಇರಬೇಕು ಅಂತ ಒಬ್ಬ, ಬಿಳಿಯೇ ಚಂದ ಅಂತ ಇನ್ನೊಬ್ಬ. ಹಿಂದೆ ಕಪ್ಪು ಪಟ್ಟಿ ಬೇಕು ಅಂತ ಮನೆಯ ಹಿರಿಯರು, ಪಟ್ಟಿ ಹಾಕಿದರೆ ಚಿತ್ರವೇ ಕಾಣಲ್ಲ ಅಂತ ಮಕ್ಕಳು. ಇದೆಲ್ಲ ಬರೀ ರುಚಿಯ ವಿಷಯ, ಇದಕ್ಕೊಂದು ಲೇಖನ ಬೇಕಾ ಎಂದು ನಿಮಗೆ ಅನಿಸಬಹುದು. ಸಿನಿಮಾದ ಮಾತು ನಮ್ಮದಲ್ಲದ ಭಾಷೆಯಲ್ಲಿದ್ದಾಗ, ಅಥವಾ ನೋಡುವವರಿಗೆ ಕಿವಿ ಕೇಳದಿದ್ದಾಗ, ಆ ಎರಡು ಸಾಲು ಅಕ್ಷರವೇ ಪಾತ್ರದ ಬಾಯಿ. ಅದು ಓದಲು ಬಾರದೇ ಹೋದರೆ ಆ ಮನುಷ್ಯ ಮಾತಾಡಿಯೂ ಮೂಕನಾದ ಹಾಗೆ.

ಇದನ್ನು ವಿವರಿಸಲು ಕಾಶಿಯ ಮಣಿಕರ್ಣಿಕಾ ಘಾಟ್‌ಗಿಂತ ಒಳ್ಳೆಯ ಜಾಗ ಸಿಗಲಾರದು. ಅಲ್ಲಿ ಹಗಲು ರಾತ್ರಿ ಎನ್ನದೆ ಚಿತೆ ಉರಿಯುತ್ತದೆ. ಕ್ಯಾಮೆರಾ ಎತ್ತ ತಿರುಗಿಸಿದರೂ ಸಬ್‌ಟೈಟಲ್‌ಗೆ ಕಷ್ಟ ಕೊಡುವ ಬಣ್ಣವೇ. ಬಿಳಿ ಬಟ್ಟೆ, ಅದರ ಮೇಲೆ ಮಿನುಗುವ ಹಳದಿ ಹೊದಿಕೆ, ಕಿತ್ತಳೆ ಬೆಂಕಿ, ಬೂದು ಹೊಗೆ, ರಾತ್ರಿಯ ಕಪ್ಪು ನೀರು.

ಒಂದು ಘಾಟ್, ಎರಡು ಸಿನಿಮಾ

ಕಾಶಿಯ ಘಾಟ್‌ಗಳ ಬಗ್ಗೆ ಅಮೆರಿಕದ ರಾಬರ್ಟ್ ಗಾರ್ಡ್ನರ್ 1986ರಲ್ಲಿ ‘ಫಾರೆಸ್ಟ್ ಆಫ್ ಬ್ಲಿಸ್’ ಎಂಬ 90 ನಿಮಿಷದ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ನಿರೂಪಣೆ ಇಲ್ಲ, ಜನ ಆಡುವ ಮಾತಿಗೆ ಸಬ್‌ಟೈಟಲ್ ಕೂಡ ಇಲ್ಲ. ಇದು ಹಣ ಸಾಲದೆ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನೋಡುಗ ಕಣ್ಣಿಂದಲೇ ಗ್ರಹಿಸಲಿ ಎಂಬುದು ಉದ್ದೇಶ. ಆದರೆ ಮಾನವಶಾಸ್ತ್ರಜ್ಞರಲ್ಲಿ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಅಲ್ಲಿಯ ಜನರ ಮಾತನ್ನು ಅರ್ಥವಾಗದಂತೆ ಬಿಟ್ಟರೆ ಅವರು ಬರೀ ದೃಶ್ಯವಾಗಿ ಉಳಿಯುವುದಿಲ್ಲವೇ ಎಂದು ಟೀಕಾಕಾರರು ಕೇಳಿದರು.

ಇನ್ನೊಂದು, 2008ರಲ್ಲಿ ರಾಜೇಶ್ ಎಸ್. ಜಾಲಾ ಮಾಡಿದ ‘ಚಿಲ್ಡ್ರನ್ ಆಫ್ ದ ಪೈರ್’. ಮಣಿಕರ್ಣಿಕಾದಲ್ಲಿ ಹೆಣ ಸುಡುವ ಕೆಲಸದಲ್ಲೇ ಬೆಳೆಯುವ 7 ಹುಡುಗರ ಕತೆ ಅದು. ಹೆಣದ ಮೇಲಿನ ಬಟ್ಟೆಯನ್ನು ಎಳೆದುಕೊಂಡು ಮಾರಿ ಅವರು ಹೊಟ್ಟೆ ಹೊರೆಯುತ್ತಾರೆ. ಈ ಮಕ್ಕಳು ಬೈಯುತ್ತಾರೆ, ನಗುತ್ತಾರೆ, ಭಯ ಹೇಳಿಕೊಳ್ಳುತ್ತಾರೆ. ಅವರ ಆಡುಮಾತು ಬಾರದ ನಮಗೆ ಅದೆಲ್ಲ ತಲುಪುವುದು ಸಬ್‌ಟೈಟಲ್‌ನಿಂದ ಮಾತ್ರ. ಹುಡುಗ ಬಿಳಿ ಬಟ್ಟೆ ಎಳೆಯುವಾಗ ಅದರ ಮೇಲೆಯೇ ಅಂಚಿಲ್ಲದ ಬಿಳಿ ಅಕ್ಷರ ಬಂದರೆ? ಮಾತು ಬಟ್ಟೆಯಲ್ಲಿ ಕರಗಿ ಹೋಗುತ್ತದೆ. ಗಾರ್ಡ್ನರ್ ಬೇಕೆಂದೇ ಮಾಡಿದ್ದು ಇಲ್ಲಿ ಬೇಡವೆಂದರೂ ಆಗಿಬಿಡುತ್ತದೆ.

ಹಳದಿ ಎಲ್ಲಿಂದ ಬಂತು?

ರೀಲಿನ ಕಾಲದಲ್ಲಿ ಬಣ್ಣದ ಆಯ್ಕೆ ಇರಲಿಲ್ಲ ಎಂದೇ ಹೇಳಬೇಕು. ರಾಸಾಯನಿಕದಿಂದಲೋ, ಆಮೇಲೆ ಲೇಸರ್‌ನಿಂದಲೋ ಫಿಲ್ಮಿನ ಮೇಲಿನ ಲೇಪನವನ್ನೇ ಅಕ್ಷರದ ಆಕಾರದಲ್ಲಿ ಕೆರೆದು ತೆಗೆಯುತ್ತಿದ್ದರು. ಆ ತೂತಿನ ಮೂಲಕ ಪ್ರೊಜೆಕ್ಟರ್ ಬೆಳಕು ನೇರ ಪರದೆಗೆ ಬೀಳುತ್ತಿತ್ತು, ಹಾಗಾಗಿ ಅಕ್ಷರ ಬಿಳಿಯೇ. ಹಿಂದೆ ಬಿಳಿ ಗೋಡೆಯೋ ಬಿಳಿ ಪಂಚೆಯೋ ಇದ್ದರೆ ಓದುವವರ ಗತಿ ದೇವರೇ ಗತಿ.

ವಿಡಿಯೋ ಬಂದ ಮೇಲೆ ಅಕ್ಷರಕ್ಕೆ ಬಣ್ಣ ಕೊಡಬಹುದಾಯಿತು, ಸುತ್ತ ಕಪ್ಪು ಅಂಚು ಹಾಕಬಹುದಾಯಿತು. 1990ರ ದಶಕದಲ್ಲಿ ಅನಿಮೆ ಅಭಿಮಾನಿಗಳು ವಿಎಚ್‌ಎಸ್ ಕ್ಯಾಸೆಟ್‌ಗಳಿಗೆ ತಾವೇ ಸಬ್‌ಟೈಟಲ್ ಹಾಕಿ ಹಂಚುತ್ತಿದ್ದಾಗ ಹಳದಿ ಬಹಳ ಬಳಕೆಯಲ್ಲಿತ್ತು. ಮಸುಕು ಕ್ಯಾಸೆಟ್‌ನಲ್ಲೂ ಚಿತ್ರದಿಂದ ಬೇರೆಯಾಗಿ ಕಾಣುತ್ತಿತ್ತು. ಆ ಅಭ್ಯಾಸವೇ ಇಂದಿಗೂ ಅನೇಕರ ಇಷ್ಟವಾಗಿ ಉಳಿದಿದೆ.

ಬಣ್ಣಕ್ಕಿಂತ ಅಂಚು ಮುಖ್ಯ

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಎರಡು ಬಣ್ಣಗಳ ಹೊಳಪಿನ ಅಂತರವನ್ನು ಅಳೆಯಲು ವೆಬ್ ಪುಟಗಳವರು ಒಂದು ಅನುಪಾತ ಬಳಸುತ್ತಾರೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕನಿಷ್ಠ 4.5 ಇರಬೇಕು. ಕಪ್ಪಿನ ಮೇಲೆ ಬಿಳಿ 21, ಅಚ್ಚ ಹಳದಿ ಸುಮಾರು 19.6, ಅಚ್ಚ ಕೆಂಪು ಸುಮಾರು 5.3, ಅಚ್ಚ ನೀಲಿ ಬರೀ 2.4. ಅಂದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯೂ ಹಳದಿಯೂ ಹೆಚ್ಚು ಕಡಿಮೆ ಒಂದೇ. ಪಾತ್ರಕ್ಕೆ ಒಪ್ಪುತ್ತದೆ ಎಂದು ನೀಲಿ ಅಕ್ಷರ ಹಾಕಿದರೆ ರಾತ್ರಿಯ ದೃಶ್ಯದಲ್ಲಿ ಅದು ಮುಳುಗುತ್ತದೆ.

ಈಗ ಬಿಳಿ ಕಫನ್ ಮೇಲೆ ಹಳದಿ ಅಕ್ಷರ ಇಡಿ. ಅನುಪಾತ ಎಷ್ಟು ಗೊತ್ತಾ? 1.07. ಇಲ್ಲವೇ ಇಲ್ಲ ಎನ್ನುವಷ್ಟು. ಹಾಗಾಗಿ ಹಳದಿಯೇ ಎಲ್ಲ ಕಡೆ ಕಾಣುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಅಲ್ಲಿ ಅಕ್ಷರವನ್ನು ಉಳಿಸುವುದು ಅದರ ಸುತ್ತಲಿನ ಕಪ್ಪು ಅಂಚು. ಅನಿಮೆಯಲ್ಲೂ ಇದೇ ಕತೆ. ‘ಡೀಮನ್ ಸ್ಲೇಯರ್’ನ 2020ರ ‘ಮುಗೆನ್ ಟ್ರೇನ್’ ಚಿತ್ರದಲ್ಲಿ ರೆಂಗೊಕು ಕತ್ತಿ ಬೀಸುವಾಗ ಪರದೆ ತುಂಬ ಹಳದಿ, ಕೆಂಪು ಜ್ವಾಲೆ. ಅಲ್ಲಿ ಹಳದಿ ಅಕ್ಷರ ಜ್ವಾಲೆಯ ಜೊತೆ ಬೆರೆಯುತ್ತದೆ, ಬಿಳಿಯೇ ವಾಸಿ.

ಬಣ್ಣಕ್ಕೆ ಇನ್ನೊಂದು ಕೆಲಸವೂ ಇದೆ. ಬ್ರಿಟನ್ನಿನ ಬಿಬಿಸಿ ಕಿವಿ ಕೇಳದವರಿಗಾಗಿ ಹಾಕುವ ಸಬ್‌ಟೈಟಲ್‌ನಲ್ಲಿ ಬಿಳಿ, ಹಳದಿ, ತಿಳಿನೀಲಿ, ಹಸಿರು ಬಣ್ಣಗಳಿಂದ ಯಾರು ಮಾತಾಡುತ್ತಿದ್ದಾರೆ ಎಂದು ತೋರಿಸುತ್ತದೆ. ನಮ್ಮಲ್ಲಿ ಬ್ರಿಜ್ ಕೊಠಾರಿ 1996ರಲ್ಲಿ ಯೋಚಿಸಿದ, ಹಾಡಿನ ಭಾಷೆಯಲ್ಲೇ ಸಬ್‌ಟೈಟಲ್ ಕೊಡುವ ಯೋಜನೆಯಲ್ಲಿ, ಹಾಡು ಸಾಗಿದಂತೆ ಅಕ್ಷರದ ಬಣ್ಣ ಬದಲಾಗುತ್ತದೆ. ಓದು ಕಲಿಯುತ್ತಿರುವವರ ಕಣ್ಣು ಅದರ ಹಿಂದೆ ಓಡುತ್ತದೆ. ಅನಿಮೆಯ ಆರಂಭದ ಹಾಡಿಗೆ ಹಾಕುವ ಕುಣಿಯುವ ಅಕ್ಷರಗಳೂ ಇದೇ ಜಾತಿ.

ಕನ್ನಡದ ಕಷ್ಟವೇ ಬೇರೆ

ಇಂಗ್ಲಿಷ್‌ನವರ ಸಲಹೆಯನ್ನು ಹಾಗೇ ಕನ್ನಡಕ್ಕೆ ತಂದರೆ ಕೆಡುತ್ತದೆ. ಅದಕ್ಕೆ ‘ಮಣಿಕರ್ಣಿಕಾ’ ಎಂಬ ಒಂದೇ ಪದ ಸಾಕ್ಷಿ.

ಒಂದು, ಅರ್ಕಾವತ್ತು. ‘ರ್ಣಿ’ ಸರಿಯಾಗಿ ಮೂಡಬೇಕಾದರೆ ಅಕ್ಷರ ಜೋಡಿಸುವ ತಂತ್ರಾಂಶ ಸರಿ ಇರಬೇಕು. ಹಳೆಯ ಪ್ಲೇಯರ್‌ಗಳಲ್ಲಿ ಅದು ಬಿಡಿ ಬಿಡಿಯಾಗಿ ‘ರ್‌ಣಿ’ ಎಂದು ಒಡೆಯುತ್ತದೆ. ನಿಮ್ಮ ಪ್ಲೇಯರ್ ಕನ್ನಡಕ್ಕೆ ಲಾಯಕ್ಕೋ ಅಂತ ತಿಳಿಯಲು ಈ ಪದವನ್ನೂ ‘ಸ್ತ್ರೀ’ ಎಂಬುದನ್ನೂ ಒಂದು ಫೈಲಿನಲ್ಲಿ ಬರೆದು ನೋಡಿ. ಫೈಲನ್ನು ಯುನಿಕೋಡ್‌ನಲ್ಲಿ, ಯುಟಿಎಫ್-8 ಎಂದು ಉಳಿಸಿ. ಹಳೆಯ ನುಡಿ ಫಾಂಟ್‌ನ ಯುನಿಕೋಡ್ ಅಲ್ಲದ ಬರಹ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಎರಡು, ಲೆಕ್ಕ. ನಮ್ಮ ಕಣ್ಣಿಗೆ ಮ-ಣಿ-ಕ-ರ್ಣಿ-ಕಾ ಎಂದು 5 ಅಕ್ಷರ, ಕಂಪ್ಯೂಟರ್‌ಗೆ 10. ಒಂದು ಸಾಲಿಗೆ 42 ಅಕ್ಷರ ಎಂಬ ಇಂಗ್ಲಿಷ್ ನಿಯಮವನ್ನು ಕನ್ನಡಕ್ಕೆ ಕಣ್ಣುಮುಚ್ಚಿ ಹಾಕಲು ಬರುವುದಿಲ್ಲ.

ಮೂರು, ಎತ್ತರ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಎರಡೂ ಢಿಕ್ಕಿ. ಕಪ್ಪು ಅಂಚು ಅತಿ ದಪ್ಪವಾದರೆ ಒತ್ತಿನ ಒಳಗಿನ ಸಣ್ಣ ಜಾಗ ಮುಚ್ಚಿಹೋಗುತ್ತದೆ.

ನಾಲ್ಕು, ಓರೆ ಅಕ್ಷರ. ಮನಸ್ಸಿನ ಮಾತಿಗೆ ಇಂಗ್ಲಿಷ್‌ನಲ್ಲಿ ಅಕ್ಷರ ವಾಲಿಸುತ್ತಾರೆ. ಕನ್ನಡಕ್ಕೆ ಆ ಸಂಪ್ರದಾಯ ಇಲ್ಲ. ದುಂಡಗಿನ ಲಿಪಿಯನ್ನು ವಾಲಿಸಿದರೆ ಬಿದ್ದಂತೆ ಕಾಣುತ್ತದೆ. ಉದ್ಧರಣ ಚಿಹ್ನೆ ಸಾಕು.

ಹಾಗಾದರೆ ಏನು ಮಾಡಬೇಕು?

ಮೊದಲು ನಿಮ್ಮ ಬಳಿ ಇರುವುದು ಯಾವ ಬಗೆಯ ಸಬ್‌ಟೈಟಲ್ ನೋಡಿ. ಚಿತ್ರಕ್ಕೇ ಅಂಟಿಸಿದ್ದಾದರೆ ಏನೂ ಮಾಡಲಾಗದು. ಎಸ್‌ಆರ್‌ಟಿ ಫೈಲಾದರೆ ಅದರಲ್ಲಿ ಮುಖ್ಯವಾಗಿ ಮಾತು ಮತ್ತು ಸಮಯ ಮಾತ್ರ, ಅಂದ ಚಂದ ನಿಮ್ಮ ಕೈಯಲ್ಲಿ. ಅನಿಮೆಯವರ ಮೆಚ್ಚಿನ ಎಎಸ್‌ಎಸ್ ಫೈಲಾದರೆ ಫಾಂಟ್, ಬಣ್ಣ, ಜಾಗ ಎಲ್ಲವನ್ನೂ ಮಾಡಿದವರೇ ಬರೆದಿರುತ್ತಾರೆ. ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್ ಒಳಗೆ ಸಬ್‌ಟೈಟಲ್ಸ್ ವಿಭಾಗ, ಆಂಡ್ರಾಯ್ಡ್ ಫೋನಿನಲ್ಲಿ ಅಕ್ಸೆಸಿಬಿಲಿಟಿ ಒಳಗೆ ಕ್ಯಾಪ್ಷನ್ ಆಯ್ಕೆ ಇದೆ.

ನನ್ನ ಇಷ್ಟ ಹೇಳುವುದಾದರೆ: ಕಣ್ಣು ಕುಕ್ಕದ, ತುಸು ಕೆನೆ ಬಣ್ಣದ ಬಿಳಿ. ಮಧ್ಯಮ ದಪ್ಪದ ಕಪ್ಪು ಅಂಚು. ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಸಮ ದಪ್ಪದ ಫಾಂಟ್, ಯಾಕೆಂದರೆ ತೆಳು ಗೆರೆಯವು ದೂರದಿಂದ ಅಳಿಸಿಹೋಗುತ್ತವೆ. ಕಪ್ಪು ಪಟ್ಟಿ ನನಗೆ ಬೇಡ. ಆದರೆ ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಪಟ್ಟಿ ಹಾಕಿ, ಅಲ್ಲಿ ಅವರ ಓದು ನಿಮ್ಮ ಚಂದಕ್ಕಿಂತ ದೊಡ್ಡದು. ಆರಿಸಿದ ಮೇಲೆ ಬಿಳಿ ಬಟ್ಟೆ, ಬೆಂಕಿ, ಹೊಗೆ, ಕತ್ತಲೆ ಈ ನಾಲ್ಕು ಬಗೆಯ ದೃಶ್ಯಗಳಲ್ಲಿ ನಿಲ್ಲಿಸಿ ಓದಿ ನೋಡಿ. ನಾಲ್ಕರಲ್ಲೂ ಓದಲು ಬಂದರೆ ಆ ಆಯ್ಕೆ ಪಾಸು.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಮಾತು. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ನಮ್ಮ ಥಿಯೇಟರ್‌ಗಳಿಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಅನಿಮೆಗೆ ಕನ್ನಡ ಸಬ್‌ಟೈಟಲ್ ಸಿಗುವುದೂ ಅಪರೂಪ. ನಮ್ಮ ಕರಾವಳಿಯ ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರ 2011ರ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಬ್ಯಾರಿ ಬಾರದವರಿಗೆ ಆ ಮನೆಯ ಹೆಣ್ಣಿನ ನೋವು ತಲುಪುವುದೂ ಎರಡು ಸಾಲು ಅಕ್ಷರದಿಂದಲೇ. ಹೆಣದ ಬಟ್ಟೆಗೆ ಹಿಂದಿಯಲ್ಲೂ ಕಫನ್ ಎನ್ನುತ್ತಾರೆ, ನಮ್ಮ ಮನೆಗಳಲ್ಲೂ ಕಫನ್ ಎನ್ನುತ್ತೇವೆ. ಮಣಿಕರ್ಣಿಕಾದ ಹುಡುಗರ ಮಾತಿಗೆ ಕನ್ನಡ ಸಬ್‌ಟೈಟಲ್ ಬರೆಯುವವನಿಗೆ ಆ ಪದ ಇಂಗ್ಲಿಷ್‌ನ ದಾರಿ ಸುತ್ತಿ ಬರಬೇಕಾಗಿಲ್ಲ. ಒಂದು ನೋಟ್‌ಪ್ಯಾಡ್, ಒಂದು ಯುನಿಕೋಡ್ ಕೀಲಿಮಣೆ, ಸ್ವಲ್ಪ ತಾಳ್ಮೆ ಇದ್ದರೆ ಈ ಕೆಲಸ ನೀವೇ ಮಾಡಬಹುದು. ಹತ್ತು ನಿಮಿಷದ ಒಂದು ಚಿತ್ರದಿಂದ ಶುರು ಮಾಡಿ.