ಕರ್ನಲ್ ಮತ್ತು ಕಡತ ವ್ಯವಸ್ಥೆಗಳು

ಗಣಕಯಂತ್ರದ ಡಿಸ್ಕಿಗೆ ಕಥೆಯೂ ತಿಳಿಯದು, ಲೆಕ್ಕವೂ ತಿಳಿಯದು, ಚಿತ್ರವೂ ತಿಳಿಯದು. ಅದು ಬಲ್ಲದ್ದು ಕ್ರಮಸಂಖ್ಯೆ ಹಚ್ಚಿದ ಖಾನೆಗಳನ್ನು ಮಾತ್ರ. ಒಂದೊಂದು ಖಾನೆಯಲ್ಲಿಯೂ ಸಾಮಾನ್ಯವಾಗಿ 512 ಅಥವಾ 4096 ಬೈಟುಗಳಷ್ಟು ಮಾಹಿತಿ ಹಿಡಿಸುತ್ತದೆ. ನಾವು ಬರೆದಿಟ್ಟ ಪ್ರಬಂಧವೊಂದು ಯಾವ ಯಾವ ಖಾನೆಗಳಲ್ಲಿ ಹರಡಿಕೊಂಡಿದೆ, ಅದರ ಹೆಸರೇನು, ಅದನ್ನು ತಿದ್ದಿದ ದಿನ ಯಾವುದು, ಇನ್ನೂ ಬರಿದಾಗಿರುವ ಖಾನೆಗಳು ಎಷ್ಟು ಎಂಬ ವಿವರಗಳನ್ನೆಲ್ಲ ಅದೇ ಡಿಸ್ಕಿನ ಮೇಲೆ ಗೊತ್ತಾದ ಒಂದು ಕ್ರಮದಲ್ಲಿ ಬರೆದಿಡಬೇಕಾಗುತ್ತದೆ. ಈ ಕ್ರಮಕ್ಕೆ ಕಡತ ವ್ಯವಸ್ಥೆ ಎಂದು ಹೆಸರು.

ಕಡತವೆಂಬ ಮಾತು ನಮಗೆ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಕಾಲವೊಂದಿತ್ತು. ಆ ಕಡತವನ್ನು ಬಿಚ್ಚಿದ ಮಾತ್ರಕ್ಕೆ ಎಲ್ಲರಿಗೂ ಅದರಲ್ಲಿನ ವಿಷಯ ತಿಳಿಯುತ್ತಿರಲಿಲ್ಲ. ಬರೆದವನ ಪದ್ಧತಿಯನ್ನು ಬಲ್ಲವನೇ ಅದನ್ನು ಓದಬೇಕಾಗಿತ್ತು. ಡಿಸ್ಕಿನ ವಿಷಯವೂ ಹಾಗೆಯೇ. ಗಣಕಯಂತ್ರದಲ್ಲಿ ಅದನ್ನು ಓದಬಲ್ಲವನ ಸ್ಥಾನದಲ್ಲಿರುವುದು ಕರ್ನಲ್. ಯಂತ್ರಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ, ಕಾರ್ಯಾಚರಣ ವ್ಯವಸ್ಥೆಯ ತಿರುಳೇ ಕರ್ನಲ್. ಅದಕ್ಕೆ ತಿಳಿಯದ ಕ್ರಮದಲ್ಲಿ ಬರೆದ ಡಿಸ್ಕಿನಲ್ಲಿ ಎಷ್ಟೇ ಅಮೂಲ್ಯವಾದ ಮಾಹಿತಿಯಿದ್ದರೂ ನಮ್ಮ ಪಾಲಿಗೆ ಅದು ಇಲ್ಲದಂತೆಯೇ ಸರಿ.

ಲಿನಕ್ಸ್ ಎಂಬ ಕರ್ನಲನ್ನು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದಾಗ ಅದಕ್ಕೆ ತಿಳಿದಿದ್ದುದು ಒಂದೇ ಕಡತ ವ್ಯವಸ್ಥೆ. ಅದು ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಅವರು ಬೋಧನೆಗಾಗಿ ರಚಿಸಿದ್ದ ಮಿನಿಕ್ಸ್‌ನದು. ಪಾಠ ಹೇಳಲು ಅದು ಸಾಕಾಗಿತ್ತು, ಬಳಕೆಗೆ ಸಾಲದಾಯಿತು. ಡಿಸ್ಕಿನ ವಿಭಾಗವೊಂದು 64 ಮೆಗಾಬೈಟನ್ನು ಮೀರುವಂತಿರಲಿಲ್ಲ. ಕಡತದ ಹೆಸರು 14 ಅಕ್ಷರಗಳನ್ನು ದಾಟುವಂತಿರಲಿಲ್ಲ. ಆದುದರಿಂದ ರೆಮಿ ಕಾರ್ಡ್ ಎಂಬುವರು 1992ರಲ್ಲಿ ಎಕ್ಸ್‌ಟ್ ಎಂಬ ಹೊಸ ಕ್ರಮವನ್ನು ರಚಿಸಿದರು. 1993ರಲ್ಲಿ ಎಕ್ಸ್‌ಟ್2, 2001ರಲ್ಲಿ ಎಕ್ಸ್‌ಟ್3, 2008ರಲ್ಲಿ ಎಕ್ಸ್‌ಟ್4 ಅದರ ಪರಂಪರೆಯಲ್ಲಿ ಬಂದವು. ಇವುಗಳ ಜೊತೆಗೆ ವಿಂಡೋಸ್‌ನ ಫ್ಯಾಟ್, ಎನ್‌ಟಿಎಫ್‌ಎಸ್, ಸಿ.ಡಿ.ಗಳಿಗಾಗಿ ಐಎಸ್‌ಒ 9660, ಹೀಗೆ ಹತ್ತಾರು ಕ್ರಮಗಳನ್ನು ಲಿನಕ್ಸ್ ಕಲಿಯಬೇಕಾಯಿತು. ಇಷ್ಟು ಬಗೆಗಳಿದ್ದರೂ ನಾವು ಬಳಸುವ ತಂತ್ರಾಂಶಕ್ಕೆ ಅವುಗಳ ಭೇದವೇ ತೋರದು. ತೆರೆ, ಓದು, ಬರೆ, ಮುಚ್ಚು ಎಂಬ ಅದರ ಆಜ್ಞೆಗಳನ್ನು ವಿಎಫ್‌ಎಸ್ ಎಂಬ ಪದರವು ಸ್ವೀಕರಿಸಿ ಆಯಾ ಕಡತ ವ್ಯವಸ್ಥೆಯ ಭಾಗಕ್ಕೆ ಒಪ್ಪಿಸುತ್ತದೆ. ಕರ್ನಲಿನ ಸೊಗಸಾದ ಏರ್ಪಾಡುಗಳಲ್ಲಿ ಇದೊಂದು ಎಂದು ಧಾರಾಳವಾಗಿ ಹೇಳಬಹುದು.

ಲಿನಕ್ಸ್‌ನ ಮೂಲ ಬರಹವು ಎಲ್ಲರಿಗೂ ದೊರೆಯುವುದರಿಂದ ಬೇಕಾದವರು ತಮ್ಮ ಯಂತ್ರಕ್ಕೆ ತಕ್ಕಂತೆ ಕರ್ನಲನ್ನು ತಾವೇ ಕಟ್ಟಿಕೊಳ್ಳಬಹುದು. ಕಟ್ಟುವ ಮುನ್ನ ಸಾವಿರಾರು ಆಯ್ಕೆಗಳು ಎದುರಾಗುತ್ತವೆ. ಕಡತ ವ್ಯವಸ್ಥೆಗಳಲ್ಲಿ ಹೆಚ್ಚಿನವುಗಳಿಗೆ ಕೊಡಬಹುದಾದ ಉತ್ತರಗಳು ಮೂರು. ‘ವೈ’ ಎಂದರೆ ಆ ಭಾಗವು ಕರ್ನಲಿನಲ್ಲಿಯೇ ಬೆರೆತುಹೋಗುತ್ತದೆ. ‘ಎನ್’ ಎಂದರೆ ಅದು ಇರುವುದೇ ಇಲ್ಲ. ‘ಎಂ’ ಎಂದರೆ ಅದು ಮಾಡ್ಯೂಲ್ ಎಂಬ ಪ್ರತ್ಯೇಕ ಕಡತವಾಗಿ ಡಿಸ್ಕಿನಲ್ಲಿದ್ದು, ಅಗತ್ಯ ಬಿದ್ದಾಗ ಮಾತ್ರ ಸ್ಮೃತಿಗೆ ಬರುತ್ತದೆ. ಎಂದೋ ಒಮ್ಮೆ ಬಳಸುವ ಸಿ.ಡಿ.ಗಾಗಿ ಸ್ಮೃತಿಯಲ್ಲಿ ಸದಾ ಸ್ಥಳ ಕಾದಿರಿಸುವುದೇಕೆ? ಅಂತಹವುಗಳಿಗೆ ‘ಎಂ’ ಎಂಬ ಉತ್ತರವೇ ಯುಕ್ತ.

ಆದರೆ ಒಂದು ಕಡೆ ಈ ಉತ್ತರವು ತೊಡಕಿಗೆ ಕಾರಣವಾಗುತ್ತದೆ. ಯಂತ್ರದ ಮೂಲ ಡಿಸ್ಕು ಎಕ್ಸ್‌ಟ್4 ಕ್ರಮದಲ್ಲಿದೆ ಎಂದಿಟ್ಟುಕೊಳ್ಳೋಣ. ಎಕ್ಸ್‌ಟ್4ನ್ನು ಓದುವ ಮಾಡ್ಯೂಲೂ ಅದೇ ಡಿಸ್ಕಿನಲ್ಲಿದೆ. ಡಿಸ್ಕನ್ನು ಓದಲು ಮಾಡ್ಯೂಲ್ ಬೇಕು. ಮಾಡ್ಯೂಲನ್ನು ತರಲು ಡಿಸ್ಕನ್ನು ಓದಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು! ಮೂಲ ಕಡತ ವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲವೆಂಬ ಸಂದೇಶವನ್ನು ತೆರೆಯ ಮೇಲೆ ಮೂಡಿಸಿ ಕರ್ನಲ್ ಅಲ್ಲಿಯೇ ಸ್ತಬ್ಧವಾಗುತ್ತದೆ. ಡಿಸ್ಕಿನಲ್ಲಿ ಒಂದು ಅಕ್ಷರವೂ ಅಳಿದಿರುವುದಿಲ್ಲ. ಆದರೂ ಯಂತ್ರ ಮೇಲೇಳದು. ಹಾಗಾದರೆ ಕರ್ನಲೇ ಡಿಸ್ಕಿನಿಂದ ಹೇಗೆ ಬಂದಿತು ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಅದನ್ನು ತಂದದ್ದು ಬೂಟ್‌ಲೋಡರ್ ಎಂಬ ಬೇರೊಂದು ಕಿರು ತಂತ್ರಾಂಶ. ಅದಕ್ಕೆ ಓದುವ ಶಕ್ತಿ ಸ್ವಂತವಾಗಿಯೇ ಇರುತ್ತದೆ. ಕರ್ನಲನ್ನು ಸ್ಮೃತಿಗೆ ತಂದು ಅದಕ್ಕೆ ಅಧಿಕಾರ ಒಪ್ಪಿಸಿದೊಡನೆ ಅದರ ಕೆಲಸ ಮುಗಿಯಿತು.

ಈ ತೊಡಕಿಗೆ ಪರಿಹಾರಗಳು ಎರಡು. ಮೂಲ ಡಿಸ್ಕಿನ ಕಡತ ವ್ಯವಸ್ಥೆಗೂ ಆ ಡಿಸ್ಕನ್ನು ನಡೆಸುವ ಚಾಲಕಕ್ಕೂ ‘ವೈ’ ಎಂದು ಉತ್ತರಿಸುವುದು ಮೊದಲನೆಯದು. ತನ್ನ ಯಂತ್ರವನ್ನು ಚೆನ್ನಾಗಿ ಬಲ್ಲವನಿಗೆ ಇದೇ ಸರಳ. ಎರಡನೆಯದು ಇನಿಟ್‌ರಾಮ್‌ಎಫ್‌ಎಸ್. ಅವಶ್ಯವಾದ ಮಾಡ್ಯೂಲುಗಳನ್ನು ಒಂದು ಗಂಟಾಗಿ ಕಟ್ಟಿಟ್ಟರೆ, ಬೂಟ್‌ಲೋಡರ್ ಅದನ್ನೂ ಕರ್ನಲಿನ ಜೊತೆಯಲ್ಲಿ ಸ್ಮೃತಿಗೆ ತರುತ್ತದೆ. ಕರ್ನಲ್ ಆ ಗಂಟನ್ನು ಸ್ಮೃತಿಯಲ್ಲಿಯೇ ಬಿಚ್ಚುತ್ತದೆ. ಅದರಲ್ಲಿರುವ ಪ್ರಾರಂಭಿಕ ತಂತ್ರಾಂಶವು ಮಾಡ್ಯೂಲನ್ನು ಸೇರಿಸಿ ನಿಜವಾದ ಡಿಸ್ಕನ್ನು ತೆರೆಯುತ್ತದೆ. ಬಗೆಬಗೆಯ ಯಂತ್ರಗಳಲ್ಲಿ ಒಂದೇ ಕರ್ನಲನ್ನು ನಡೆಸಬೇಕಾದ ವಿತರಕರು ಸಾಮಾನ್ಯವಾಗಿ ಈ ಮಾರ್ಗವನ್ನೇ ಹಿಡಿಯುತ್ತಾರೆ.

ಎಲ್ಲಕ್ಕೂ ‘ವೈ’ ಎಂದುಬಿಟ್ಟರೆ ಈ ಚಿಂತೆಯೇ ಇರದಲ್ಲ ಎನ್ನಿಸಬಹುದು. ಕರ್ನಲಿನ ಗಾತ್ರ ಹೆಚ್ಚುವುದು ಇಲ್ಲಿ ಚಿಕ್ಕ ಮಾತು. ಸುರಕ್ಷತೆ ದೊಡ್ಡ ಮಾತು. ಕರ್ನಲಿನ ಪ್ರತಿಯೊಂದು ಭಾಗವೂ ಯಂತ್ರದ ಮೇಲೆ ಪೂರ್ಣಾಧಿಕಾರವನ್ನು ಹೊಂದಿರುತ್ತದೆ. ಯಾರೂ ಬಳಸದ, ಯಾರೂ ಪರೀಕ್ಷಿಸದ ಹಳೆಯ ಭಾಗವೊಂದರಲ್ಲಿ ದೋಷವಿದ್ದರೆ, ದುರುದ್ದೇಶದಿಂದ ಸಿದ್ಧಪಡಿಸಿದ ಪೆನ್ ಡ್ರೈವ್ ಆ ದೋಷದ ಮೂಲಕ ಒಳನುಗ್ಗಬಹುದು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಆಯ್ಕೆಯೊಂದುಂಟು. ಅದು ಕಡತಗಳ ಹೆಸರಿನ ಲಿಪಿಗೆ ಸಂಬಂಧಿಸಿದುದು. ಪೆನ್ ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯು ಉದ್ದ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಬರೆದಿಡುತ್ತದೆ. ಆದರೆ ಕರ್ನಲ್ ಅವುಗಳನ್ನು ನಮಗೆ ತೋರಿಸುವಾಗ ಯಾವ ಅಕ್ಷರ ಸಂಕೇತಕ್ಕೆ ಪರಿವರ್ತಿಸಬೇಕೆಂಬುದನ್ನು ನಾವೇ ತಿಳಿಸಬೇಕು. ಏನೂ ತಿಳಿಸದಿದ್ದರೆ ಅದು ಪಶ್ಚಿಮ ಯೂರೋಪಿನ ಭಾಷೆಗಳ ಸಂಕೇತವನ್ನು ಹಿಡಿಯುತ್ತದೆ. ಆಗ ‘ಹಳಗನ್ನಡ’ ಎಂಬ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲೊಂದು ನಿಲ್ಲುತ್ತದೆ. ಆ ಸಂಕೇತದ ಭಾಗಕ್ಕೂ ‘ಎನ್’ ಎಂದಿದ್ದರಂತೂ, ಫ್ಯಾಟ್‌ಗೆ ‘ವೈ’ ಎಂದಿದ್ದರೂ ಪೆನ್ ಡ್ರೈವ್ ತೆರೆಯುವುದೇ ಇಲ್ಲ. ಯುಟಿಎಫ್-8 ಸಂಕೇತವನ್ನು ಆರಿಸಿದರೆ ಕನ್ನಡವು ಕನ್ನಡವಾಗಿಯೇ ಕಾಣುತ್ತದೆ. ಆ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ವಿರಾಮವೂ ಸೇರಿ 5 ಚಿಹ್ನೆಗಳಿರುವುದರಿಂದ ಅದು 15 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಎಕ್ಸ್‌ಟ್4ನಲ್ಲಿ ಹೆಸರಿನ ಮಿತಿ 255 ಬೈಟು. ಇಂಗ್ಲಿಷಿನವರಿಗೆ 255 ಅಕ್ಷರಗಳು ದೊರೆಯುವಲ್ಲಿ ನಮಗೆ ದೊರೆಯುವುದು 85 ಚಿಹ್ನೆಗಳು ಮಾತ್ರ. ಬೇರೆ ವ್ಯವಸ್ಥೆಯಲ್ಲಿ ಉದ್ದವಾದ ಕನ್ನಡ ಹೆಸರಿಟ್ಟ ಕಡತವನ್ನು ಇಲ್ಲಿಗೆ ನಕಲು ಮಾಡಹೊರಟರೆ ಹೆಸರು ಉದ್ದವಾಯಿತೆಂಬ ಆಕ್ಷೇಪ ಬರುವುದು ಇದರಿಂದಲೇ.

ಕರ್ನಲ್ ಕಲಿತದ್ದನ್ನು ಮರೆಯುವುದೂ ಉಂಟು. 2001ರಲ್ಲಿ ಸೇರ್ಪಡೆಯಾದ ರೈಸರ್‌ಎಫ್‌ಎಸ್ ಒಂದು ಕಾಲದಲ್ಲಿ ಬಹು ಜನಪ್ರಿಯವಾಗಿತ್ತು. ಕ್ರಮೇಣ ಅದನ್ನು ಬಳಸುವವರೂ ತಿದ್ದುವವರೂ ಕಡಿಮೆಯಾದರು. ಅದನ್ನು ಕೈಬಿಡುವ ಸೂಚನೆಯನ್ನು 2022ರಲ್ಲಿ ಕೊಡಲಾಯಿತು. 2025ರ ಜನವರಿಯಲ್ಲಿ ಹೊರಬಂದ 6.13ನೆಯ ಆವೃತ್ತಿಯಲ್ಲಿ ಆ ಆಯ್ಕೆಯೇ ಇಲ್ಲ. ಅಂತಹ ಹಳೆಯ ಡಿಸ್ಕನ್ನು ಕಪಾಟಿನಲ್ಲಿ ಇರಿಸಿಕೊಂಡವರು ಹಿಂದಿನ ಕರ್ನಲೊಂದನ್ನು ಹುಡುಕಿ ತಂದು, ಅದರ ನೆರವಿನಿಂದ ಕಡತಗಳನ್ನು ಬೇರೆ ವ್ಯವಸ್ಥೆಯ ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು.