ಗಿಳಿಗಳ ಮೈಟೊಕಾಂಡ್ರಿಯ ಜೀನೋಮ್ ಮತ್ತು ವಿಕಾಸ ಸಂಬಂಧಗಳು

ಗಿಳಿಗಳ ಮೈಟೊಕಾಂಡ್ರಿಯ ಜೀನೋಮ್ ಎಂದರೆ ಸಿಟಾಸಿಫಾರ್ಮಿಸ್ ಗಣಕ್ಕೆ ಸೇರಿದ ಪಕ್ಷಿಗಳ ಜೀವಕೋಶಗಳಲ್ಲಿ, ಕೋಶಕೇಂದ್ರದ ಹೊರಗೆ, ಮೈಟೊಕಾಂಡ್ರಿಯಗಳೊಳಗೆ ಇರುವ ಡಿಎನ್‌ಎ. ಈ ಗಣದಲ್ಲಿ ಸುಮಾರು 400 ಪ್ರಭೇದಗಳಿವೆ. ಅವುಗಳ ಪರಸ್ಪರ ನಂಟನ್ನು ಗುರುತಿಸಲು ಈ ಡಿಎನ್‌ಎಯನ್ನು ವ್ಯಾಪಕವಾಗಿ ಬಳಸಲಾಗಿದೆ.

ರಚನೆ

ಇದು ಉಂಗುರಾಕಾರದ ಅಣು. ಇತರ ಕಶೇರುಕಗಳಲ್ಲಿರುವಂತೆ ಇದರಲ್ಲಿಯೂ ಸಾಮಾನ್ಯವಾಗಿ 37 ವಂಶವಾಹಿಗಳಿರುತ್ತವೆ: ಪ್ರೋಟೀನುಗಳಿಗೆ ಸಂಬಂಧಿಸಿದವು 13, ವರ್ಗಾವಣೆ ಆರ್‌ಎನ್‌ಎಗಳವು 22, ರೈಬೊಸೋಮ್ ಆರ್‌ಎನ್‌ಎಗಳವು 2. ಇವುಗಳ ಜೊತೆಗೆ, ಪ್ರೋಟೀನನ್ನು ಸಂಕೇತಿಸದ ‘ನಿಯಂತ್ರಕ ವಲಯ’ವೊಂದಿದ್ದು, ಅಣುವಿನ ಪ್ರತಿಕರಣ ಅಲ್ಲಿಂದ ಆರಂಭವಾಗುತ್ತದೆ. ಅಮೆಜಾನ್ ಗಿಳಿಗಳೂ ಸೇರಿದಂತೆ ಕೆಲವು ಗುಂಪುಗಳಲ್ಲಿ ಈ ವಲಯ ಇಮ್ಮಡಿಯಾಗಿದ್ದು, ಎರಡೂ ಪ್ರತಿಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. ಇಂತಹ ಇಮ್ಮಡಿಕೆ ಗಿಳಿಗಳ ವಂಶದಲ್ಲಿ ಹಲವು ಬಾರಿ ಸ್ವತಂತ್ರವಾಗಿ ಉಂಟಾಗಿದೆ. ಆದುದರಿಂದ ಎರಡು ಪ್ರಭೇದಗಳಲ್ಲಿ ಅದು ಕಂಡುಬಂದ ಮಾತ್ರಕ್ಕೆ ಅವು ಹತ್ತಿರದ ಬಂಧುಗಳೆಂದು ಹೇಳಲಾಗದು.

ವಿಕಾಸದ ಅಧ್ಯಯನದಲ್ಲಿ ಬಳಕೆ

ಮೈಟೊಕಾಂಡ್ರಿಯ ಡಿಎನ್‌ಎ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಸಂತತಿಗೆ ಬರುತ್ತದೆ. ಪ್ರತಿ ಕೋಶದಲ್ಲಿಯೂ ಅದರ ಅನೇಕ ಪ್ರತಿಗಳಿರುವುದರಿಂದ ವಸ್ತುಸಂಗ್ರಹಾಲಯಗಳ ಹಳೆಯ ಚರ್ಮಗಳಿಂದಲೂ ಅದನ್ನು ಪಡೆಯಬಹುದು. ಈ ಡಿಎನ್‌ಎ ಹಾಗೂ ಕೋಶಕೇಂದ್ರದ ಡಿಎನ್‌ಎಗಳ ಅಧ್ಯಯನಗಳ ಪ್ರಕಾರ ಗಿಳಿಗಳಲ್ಲಿ ಮೂರು ಪ್ರಮುಖ ಶಾಖೆಗಳಿವೆ. ನ್ಯೂಜಿಲೆಂಡಿನ ಕಾಕಪೊ, ಕಿಯಾ ಮತ್ತು ಕಾಕಾಗಳ ಶಾಖೆ ಎಲ್ಲಕ್ಕಿಂತ ಮೊದಲು ಬೇರ್ಪಟ್ಟಿತು. ಆನಂತರ ಕಾಕಟೂಗಳ ಶಾಖೆ ಕವಲೊಡೆಯಿತು. ಉಳಿದ ಗಿಳಿಗಳೆಲ್ಲವೂ ಮೂರನೆಯ ಶಾಖೆಗೆ ಸೇರುತ್ತವೆ.

ಸಿಟಾಕ್ಯುಲ ಗುಂಪು ಮತ್ತು ಮ್ಯಾಸ್ಕರೀನ್ ದ್ವೀಪಗಳು

ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಾಣುವ ಗುಲಾಬಿ ಕೊರಳಪಟ್ಟಿಯ ಗಿಳಿಯನ್ನೂ ಪಶ್ಚಿಮ ಘಟ್ಟಗಳಿಗೆ ಸೀಮಿತವಾದ ನೀಲಿ ರೆಕ್ಕೆಯ ಗಿಳಿಯನ್ನೂ ಸಾಂಪ್ರದಾಯಿಕವಾಗಿ ಸಿಟಾಕ್ಯುಲ ಕುಲದಲ್ಲಿ ಇರಿಸಲಾಗಿದೆ. ಮಾರಿಷಸ್‌ನ ಎಕೊ ಗಿಳಿ ಗುಲಾಬಿ ಕೊರಳಪಟ್ಟಿಯ ಗಿಳಿಗೆ ಹತ್ತಿರದ ಬಂಧು. 1980ರ ದಶಕದಲ್ಲಿ ಎಕೊ ಗಿಳಿಗಳ ಸಂಖ್ಯೆ ತೀರ ಕುಸಿದಿತ್ತು; ಸಂರಕ್ಷಣಾ ಕಾರ್ಯದಿಂದ ಅದು ಚೇತರಿಸಿಕೊಂಡಿತು.

ರಿಯೂನಿಯನ್ ದ್ವೀಪದ ಅಳಿದುಹೋದ ಮ್ಯಾಸ್ಕರೀನ್ ಗಿಳಿಯ ಸಂಬಂಧ ವಿವಾದಕ್ಕೆ ಒಳಗಾಗಿತ್ತು. ಆರಂಭದ ಮೈಟೊಕಾಂಡ್ರಿಯ ಅಧ್ಯಯನವೊಂದು ಅದನ್ನು ಮಡಗಾಸ್ಕರ್ ಪ್ರದೇಶದ ವಾಸಾ ಗಿಳಿಗಳೊಂದಿಗೆ ಸೇರಿಸಿತು. 2017ರ ಅಧ್ಯಯನವು ಅದು ಸಿಟಾಕ್ಯುಲದ ಬಳಗಕ್ಕೆ ಸೇರಿದ್ದೆಂದು ತೋರಿಸಿ, ಹಿಂದಿನ ಫಲಿತಾಂಶಕ್ಕೆ ಮಾದರಿಯ ಕಲಬೆರಕೆ ಕಾರಣವಾಗಿರಬಹುದೆಂದು ಸೂಚಿಸಿತು.

ಮಿತಿಗಳು

ಹಳೆಯ ಮಾದರಿಗಳಲ್ಲಿ ಡಿಎನ್‌ಎ ಅಲ್ಪವಾಗಿರುವುದರಿಂದ ಅನ್ಯ ಡಿಎನ್‌ಎ ಸುಲಭವಾಗಿ ಬೆರೆಯಬಲ್ಲದು. ಕೋಶಕೇಂದ್ರದ ಜೀನೋಮಿನಲ್ಲಿ ಸೇರಿಕೊಂಡಿರುವ ಮೈಟೊಕಾಂಡ್ರಿಯ ಡಿಎನ್‌ಎಯ ತುಣುಕುಗಳೂ ದಾರಿ ತಪ್ಪಿಸಬಹುದು. ಇದಲ್ಲದೆ ಮೈಟೊಕಾಂಡ್ರಿಯ ಜೀನೋಮ್ ಇಡಿಯಾಗಿ ಒಂದೇ ಘಟಕದಂತೆ ಆನುವಂಶಿಕವಾಗಿ ಸಾಗುವುದರಿಂದ ಅದು ತಾಯಿಯ ಕಡೆಯ ವಂಶದ ಚರಿತ್ರೆಯನ್ನಷ್ಟೇ ತಿಳಿಸುತ್ತದೆ. ಪ್ರಭೇದಗಳ ನಡುವೆ ಸಂಕರ ನಡೆದಿದ್ದಲ್ಲಿ ಈ ಚರಿತ್ರೆಯೂ ಪ್ರಭೇದದ ಚರಿತ್ರೆಯೂ ಬೇರೆಬೇರೆಯಾಗಿರಬಹುದು. ಆದುದರಿಂದ ಇಂತಹ ಫಲಿತಾಂಶಗಳನ್ನು ಕೋಶಕೇಂದ್ರದ ವಂಶವಾಹಿಗಳೊಂದಿಗೆ ಹೋಲಿಸಿ ಪರಿಶೀಲಿಸಲಾಗುತ್ತದೆ.